ಹೊಟ್ಟೆ ತುಂಬಿದವರ ಚಿಂತೆಯಲ್ಲ

ಬದುಕಿಗೊಂದು ಉದ್ದೇಶ ಬೇಕು; ಅದಿಲ್ಲದೆ ದಿನ ನೂಕುವುದು ಬಡತನಗಳಲ್ಲೇ ದೊಡ್ಡ ಬಡತನ. ಈ ಮಾತನ್ನು ಗೆಳೆಯರ ನಡುವೆ, ಸಭೆಗಳಲ್ಲಿ, ನೆಂಟರ ಮನೆಯ ಪಡಸಾಲೆಯಲ್ಲಿ ಆಡಿದಾಗಲೆಲ್ಲ ಎದುರುಮಾತು ಕೇಳಿದ್ದೇನೆ. ಆಕ್ಷೇಪಿಸುವವರು ಹಗುರವಾಗಿ ಮಾತಾಡುವ ಜನರಲ್ಲ. ಕೆಲವರು ಕಷ್ಟ ಉಂಡು ಹೇಳುತ್ತಾರೆ, ಕೆಲವರು ಓದಿಕೊಂಡು ಹೇಳುತ್ತಾರೆ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡಲೇಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ದೇಶ ಎಲ್ಲೋ ತಯಾರಾಗಿ ಕುಳಿತು ನಮಗಾಗಿ ಕಾಯುತ್ತಿರುವುದಿಲ್ಲ. ನಮಗಿಂತ ಹೊರಗಿನ ಒಂದು ಕೆಲಸಕ್ಕೋ, ಒಂದು ಜೀವಕ್ಕೋ, ಒಂದು ಜಾಗಕ್ಕೋ ಹೆಗಲು ಕೊಟ್ಟು ಬಿಡದೆ ನಿಂತವರಲ್ಲಿ ಅದು ಹುಟ್ಟುತ್ತದೆ. ಹೊಣೆ ಮೊದಲು, ಉದ್ದೇಶ ಆಮೇಲೆ.

ಒಂದು: "ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ"

ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಇದು. ನಾಳೆಯ ಅಕ್ಕಿಗೆ ದಾರಿ ಕಾಣದವನ ಮುಂದೆ ಉದ್ದೇಶದ ಮಾತಾಡುವುದು ಕ್ರೌರ್ಯ ಎನ್ನುತ್ತಾರೆ. ಬೆಂಬಲಕ್ಕೆ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋನ ಪಿರಮಿಡ್ಡನ್ನು ತರುತ್ತಾರೆ: ತಳದಲ್ಲಿ ಅನ್ನ ನೀರು, ಅದರ ಮೇಲೆ ಭದ್ರತೆ, ತುತ್ತತುದಿಯಲ್ಲಿ ಬದುಕಿನ ಸಾರ್ಥಕತೆ. ಆದರೆ 1943ರಲ್ಲಿ ಮ್ಯಾಸ್ಲೋ ಬರೆದ ಲೇಖನದಲ್ಲಿ ಆ ಪಿರಮಿಡ್ ಇಲ್ಲ. ಅದು ಬೇರೆಯವರು ಆಮೇಲೆ ಬರೆದ ಚಿತ್ರ. ಈ ಕ್ರಮ ಎಲ್ಲರಿಗೂ ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ ಎಂದು ಆತನೇ ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದಾನೆ.

ಪುಸ್ತಕ ಬದಿಗಿಟ್ಟು ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಕಡೆಗೆ ಹೋಗೋಣ. ಅಮೈ ಮಹಾಲಿಂಗ ನಾಯ್ಕರು ತೆಂಗು ಅಡಿಕೆ ಮರ ಹತ್ತುವ ಕೂಲಿಯಾಗಿದ್ದರು. ಜಮೀನ್ದಾರರೊಬ್ಬರು ಕೊಟ್ಟ ಎರಡೆಕರೆ ಅವರ ಪಾಲಿಗೆ ಬಂತು. ಬೋಳು ಗುಡ್ಡದ ಇಳಿಜಾರು, ಹನಿ ನೀರಿಲ್ಲ. ಬಾವಿ ತೋಡಿಸಲು ದುಡ್ಡಿಲ್ಲ. ಆ ಸೀಮೆಯಲ್ಲಿ ಹಳೆಯ ಉಪಾಯವೊಂದಿದೆ: ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ನುಗ್ಗುವಷ್ಟು ಅಗಲಕ್ಕೆ ಕೊರೆಯುತ್ತ ಹೋಗುವುದು. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಹಗಲು ಕೂಲಿ ಮುಗಿಸಿ ಬಂದು ನಾಯ್ಕರು ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಹಾರೆ ಹಾಕುವುದು, ಮಣ್ಣು ಕೆದಕುವುದು, ಅದನ್ನು ಹೊತ್ತು ಹೊರಗೆ ಸುರಿಯುವುದು, ಮತ್ತೆ ಒಳಗೆ ನುಗ್ಗುವುದು. ಮೊದಮೊದಲು ಕೊರೆದ ಸುರಂಗಗಳು ಒಂದರ ಹಿಂದೊಂದು ಬರಿದಾದವು. ಊರವರು ನಕ್ಕರು. ನಾಯ್ಕರು ಜಾಗ ಬದಲಿಸಿ ಮತ್ತೆ ಅಗೆದರು. ಕೊನೆಗೆ ನೀರು ಬಂತು. ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಮೆಣಸಿನ ಬಳ್ಳಿ ಎದ್ದವು. 2022ರಲ್ಲಿ ಪದ್ಮಶ್ರೀ ಬಂತು.

"ಅದು ಹೊಟ್ಟೆಪಾಡಿಗಾಗಿ ಮಾಡಿದ್ದಲ್ಲವೇ?" ಎಂದು ಕೇಳಬಹುದು. ಹೌದು. ನನ್ನ ವಾದವೂ ಅಲ್ಲಿಯೇ ಇದೆ. ಬರೀ ಹೊಟ್ಟೆಪಾಡಾಗಿದ್ದರೆ ದಿನಗೂಲಿ ಸಾಕಿತ್ತು. ಎರಡನೆಯ ಸುರಂಗ ಬರಿದಾದ ಮೇಲೆ ಇನ್ನೊಂದಕ್ಕೆ ಹಾರೆ ಎತ್ತುವುದು ಹಸಿವಿನ ಲೆಕ್ಕಾಚಾರಕ್ಕೆ ನಿಲುಕುವ ಮಾತಲ್ಲ. ಬಡವನ ಬದುಕಿನಲ್ಲಿ ಅನ್ನವೂ ಉದ್ದೇಶವೂ ಬೇರೆ ಬೇರೆ ಮಹಡಿಯಲ್ಲಿ ವಾಸಿಸುವುದಿಲ್ಲ. ಬಡವರಿಗೆ ಅನ್ನದ ಚಿಂತೆ ಮಾತ್ರ ಇರುತ್ತದೆ ಎನ್ನುವವರು ಅವರ ಮೇಲೆ ಕರುಣೆ ತೋರುತ್ತಿದ್ದೇವೆ ಅಂದುಕೊಂಡಿರುತ್ತಾರೆ. ನಿಜವಾಗಿ ಅವರ ಮನುಷ್ಯತ್ವದ ಅರ್ಧವನ್ನೇ ಕಿತ್ತುಕೊಳ್ಳುತ್ತಿರುತ್ತಾರೆ.

ಎರಡು: "ಉದ್ದೇಶ ನಮ್ಮೊಳಗೇ ಇದೆ, ಹುಡುಕಿಕೊಂಡರೆ ಸಾಕು"

ಈ ಮಾತು ಹೇಳುವವರು ಉದ್ದೇಶದ ಪರವಾಗಿಯೇ ಇರುವವರು. ಆದರೂ ನನಗೆ ಅವರೊಡನೆ ಜಗಳವಿದೆ. ಅವರ ಕೈಯಲ್ಲೂ ಒಂದು ಚಿತ್ರವಿರುತ್ತದೆ: ಒಂದರ ಮೇಲೊಂದು ಹಾಯ್ದ ನಾಲ್ಕು ವೃತ್ತಗಳು. ನಿನಗೆ ಇಷ್ಟವಾದದ್ದು, ನಿನಗೆ ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವುದು. ನಾಲ್ಕೂ ಸೇರುವ ನಡುಮಧ್ಯದ ಚುಕ್ಕೆ ನಿನ್ನ 'ಇಕಿಗಾಯ್', ಎಂದರೆ ಬದುಕುವ ಕಾರಣ. ಜಪಾನಿನ ಪ್ರಾಚೀನ ಜ್ಞಾನ ಎಂಬ ಹೆಸರಿನಲ್ಲಿ ಇದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಆ ಚಿತ್ರ ಜಪಾನಿನದೂ ಅಲ್ಲ, ಪ್ರಾಚೀನವೂ ಅಲ್ಲ. ಸ್ಪೇನಿನ ಆಂದ್ರೆಸ್ ಸುಸುನಾಗ ಎಂಬಾತ ಬರೆದ ಚಿತ್ರದ ನಡುವೆ 2014ರಲ್ಲಿ ಮಾರ್ಕ್ ವಿನ್ ಎಂಬಾತ ಆ ಜಪಾನಿ ಹೆಸರನ್ನು ಕೂರಿಸಿದ, ಅಷ್ಟೆ.

ಜಪಾನಿನಲ್ಲಿ ಈ ವಿಷಯವನ್ನು ನಿಜಕ್ಕೂ ಆಳವಾಗಿ ಕೆದಕಿದವರು ಮಿಯೆಕೊ ಕಾಮಿಯಾ ಎಂಬ ಮನೋವೈದ್ಯೆ. ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಿದರು. ಮನೆ, ಊರು, ಬಂಧುಬಳಗ ಎಲ್ಲ ಕಳಚಿಕೊಂಡು ಬಂದವರ ನಡುವೆ ಒಂದು ಪ್ರಶ್ನೆ ಅವರನ್ನು ಕಾಡಿತು: ಇದೇ ಗೋಡೆಗಳ ಒಳಗೆ, ಇದೇ ರೋಗದಲ್ಲಿ, ಒಬ್ಬರಿಗೆ ಬದುಕು ಬರಡಾಗಿದೆ, ಇನ್ನೊಬ್ಬರಿಗೆ ಬದುಕಬೇಕೆನಿಸುತ್ತಿದೆ, ಯಾಕೆ? 1966ರಲ್ಲಿ ಅವರು ಇಕಿಗಾಯ್ ಬಗ್ಗೆಯೇ ಪುಸ್ತಕ ಬರೆದದ್ದು ಈ ಪ್ರಶ್ನೆಯ ಬೆನ್ನು ಹತ್ತಿ. ಅಲ್ಲಿನ ರೋಗಿಗಳಿಗೆ ದುಡ್ಡು ತರುವ ವೃತ್ತ ಎಲ್ಲಿಂದ ಬರಬೇಕು? ನಾಲ್ಕು ವೃತ್ತವೂ ಕೂಡಿದ ದಿನ ಬದುಕು ಶುರುಮಾಡುತ್ತೇನೆ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ಇಪ್ಪತ್ತೈದರ ಹುಡುಗ ಹುಡುಗಿಯರು 'ನನ್ನ ಪ್ಯಾಶನ್ ಯಾವುದೆಂದೇ ಗೊತ್ತಾಗುತ್ತಿಲ್ಲ' ಎಂದು ಕೊರಗುವುದನ್ನು ನೋಡಿದ್ದೇನೆ. ಅವರಲ್ಲಿ ಕೊರತೆ ಏನೂ ಇಲ್ಲ. ಒಳಗೆ ನೋಡಿಕೊ ಎಂದು ಹೇಳಿಕೊಟ್ಟವರು ಅವರ ಮುಖವನ್ನು ತಪ್ಪು ದಿಕ್ಕಿಗೆ ತಿರುಗಿಸಿದ್ದಾರೆ. ಹೊರಗೆ ನೋಡಲಿ. ತಾನು ಕೈಹಾಕದಿದ್ದರೆ ಯಾವ ಕೆಲಸ ಹಾಗೇ ಬಿದ್ದಿರುತ್ತದೆ ಎಂದು ಕೇಳಿಕೊಳ್ಳಲಿ.

ಮೂರು: "ಬ್ರಹ್ಮಾಂಡಕ್ಕೇ ಉದ್ದೇಶವಿಲ್ಲ, ಸತ್ತ ಮೇಲೆ ಯಾವುದು ಉಳಿಯುತ್ತದೆ?"

ವಿಚಾರವಾದಿ ಗೆಳೆಯರ ಆಕ್ಷೇಪ ಇದು. ನಕ್ಷತ್ರಗಳಿಗೆ ನಮ್ಮ ಗೊಡವೆಯಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅದರಿಂದ 'ನಿನ್ನ ಕೆಲಸಕ್ಕೂ ಅರ್ಥವಿಲ್ಲ' ಎಂಬ ತೀರ್ಮಾನ ಹೇಗೆ ಹೊರಡುತ್ತದೆ? ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವ ತಾಯಿಗೆ ಆ ಕೆಲಸದ ಅರ್ಥಕ್ಕೆ ನಕ್ಷತ್ರಗಳ ಅಪ್ಪಣೆ ಬೇಕಿಲ್ಲ. ಅರ್ಥ ಹುಟ್ಟುವುದು ಮನುಷ್ಯರ ನಡುವೆ. ಅಲ್ಲಿ ಇದ್ದರೆ ಸಾಕು.

ಉಳಿಯುವುದರ ಮಾತಿಗೆ ಬಂದರೆ, ಕನ್ನಡಿಗರ ಮನೆಯೊಳಗೇ ಉತ್ತರವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನು ನೋಡಿ. ಶಾಸನದಿಂದ ಹಿಡಿದು ಹೊಸಗನ್ನಡದವರೆಗೆ ಒಂದೊಂದು ಪದವೂ ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಎಂದು ಹುಡುಕಬೇಕು. ಪಂಡಿತರು ಕಾವ್ಯಗಳನ್ನು ಸಾಲುಸಾಲಾಗಿ ಓದಿ, ಪದವನ್ನೂ ಪ್ರಯೋಗವನ್ನೂ ಚೀಟಿಗಳ ಮೇಲೆ ಬರೆದರು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ, ಹೋಲಿಸಿ, ಅರ್ಥ ನಿರ್ಣಯಿಸಿ, ಅಚ್ಚಿಗೆ ಕೊಡಬೇಕು. ಕೆಲಸ ಶುರುವಾದದ್ದು 1940ರ ದಶಕದಲ್ಲಿ. ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ. ಈ ಕೆಲಸಕ್ಕೆ ತಮ್ಮ ವಿದ್ವತ್ತನ್ನು ಧಾರೆಯೆರೆದ ಡಿ.ಎಲ್. ನರಸಿಂಹಾಚಾರ್ ಮೊದಲ ಸಂಪುಟ ಬಂದ ಮರುವರ್ಷವೇ ತೀರಿಕೊಂಡರು. ಇದೇ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು ಕೊನೆಯ ಸಂಪುಟ ನೋಡುವ ಹೊತ್ತಿಗೆ ಎಂಬತ್ತು ದಾಟಿದ್ದರು.

ತಮ್ಮ ಆಯುಷ್ಯದಲ್ಲಿ ಮುಗಿಯದೆ ಹೋಗಬಹುದು ಎಂದು ಗೊತ್ತಿದ್ದೂ ಆ ವಿದ್ವಾಂಸರು 'ಅ'ಕಾರದ ಚೀಟಿ ಬರೆದರು. ಸಾವು ಅವರ ಉದ್ದೇಶವನ್ನು ಅಳಿಸಲಿಲ್ಲ. ಅದು ಇನ್ನೊಬ್ಬರ ಮೇಜಿಗೆ ದಾಟಿತು. ಮುಗಿಸಿದವನಿಗೆ ಮಾತ್ರ ಸಾರ್ಥಕತೆ ಎನ್ನುವುದಾದರೆ ಕಾಡು ಬೆಳೆಸಿದವರು, ಭಾಷೆ ಕಟ್ಟಿದವರು, ಶಾಲೆ ತೆರೆದವರು ಎಲ್ಲರೂ ಸೋತವರೇ ಆಗಬೇಕು. ಹಾಗೆ ಹೇಳುವ ಧೈರ್ಯ ಯಾರಿಗಿದೆ?

ನಾಲ್ಕು: "ಅದೆಲ್ಲ ದೊಡ್ಡವರಿಗೆ, ನಮ್ಮಂಥವರಿಗಲ್ಲ"

ಇದಕ್ಕೆ ಹೆಚ್ಚು ಮಾತು ಬೇಡ. ಅದೇ ನಿಘಂಟಿನ ಚೀಟಿ ಬರೆದ ಕೈಗಳಲ್ಲಿ ಬಹುಪಾಲಿನ ಹೆಸರು ಇಂದು ಅದನ್ನು ತೆರೆದು ನೋಡುವವರಿಗೆ ಗೊತ್ತಿಲ್ಲ. ಅವರ ಚೀಟಿ ಇಲ್ಲದೆ ಸಂಪುಟವಿಲ್ಲ. ಪದ್ಮಶ್ರೀ ಬಾರದೆ ಹೋಗಿದ್ದರೂ ಅಡ್ಯನಡ್ಕದ ಸುರಂಗದಲ್ಲಿ ನೀರು ಹರಿಯುತ್ತಲೇ ಇರುತ್ತಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವುದು, ಎರಡು ಮಕ್ಕಳನ್ನು ನೇರ ದಾರಿಯಲ್ಲಿ ಬೆಳೆಸುವುದು, ಊರ ಕೆರೆಗೆ ಕಸ ಬೀಳದಂತೆ ಕಾಯುವುದು, ಇವೆಲ್ಲ ಪೂರ್ಣ ಪ್ರಮಾಣದ ಉದ್ದೇಶಗಳೇ. ಪ್ರಸಿದ್ಧಿ ಉದ್ದೇಶದ ಅಳತೆಗೋಲಲ್ಲ.

ಐದು: "ಅರವತ್ತಾಯಿತು, ಇನ್ನು ಯಾವ ಉದ್ದೇಶ?"

ನಿವೃತ್ತಿಯ ಮರುದಿನದಿಂದ ಪೇಪರ್ ಓದಿ, ಟೀವಿ ನೋಡಿ, ಮಾತ್ರೆ ನುಂಗಿ ದಿನ ದೂಡುವವರ ಮಾತು ಇದು. ವಿಶ್ರಾಂತಿ ಅವರ ಹಕ್ಕು, ಅದನ್ನು ಯಾರೂ ಕಸಿಯಬಾರದು. ಆದರೆ ಯಾರಿಗೂ ಬೇಡವಾಗಿದ್ದೇನೆ ಎಂಬ ಭಾವ ವಿಶ್ರಾಂತಿಯಲ್ಲ. ಜಪಾನಿನ ಓಸಾಕಿ ಪ್ರದೇಶದಲ್ಲಿ 40ರಿಂದ 79 ವಯಸ್ಸಿನ 43,000ಕ್ಕೂ ಹೆಚ್ಚು ಜನರನ್ನು ಏಳು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬದುಕಿನಲ್ಲಿ ಸಾರ್ಥಕತೆ ಇದೆ ಎಂದವರಿಗಿಂತ ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಉದ್ದೇಶವೇ ಆಯುಷ್ಯ ಕೊಟ್ಟಿತು ಎಂದು ಇದರಿಂದ ಸಾಬೀತಾಗುವುದಿಲ್ಲ, ನಂಟಿದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಆ ನಂಟನ್ನು ಕಡೆಗಣಿಸುವುದು ಜಾಣತನವಲ್ಲ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆದು ಓದುಗರ ಸಂದೇಹ ಬಿಡಿಸಿದ್ದು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ವರ್ಷಗಟ್ಟಲೆ ಆದ ಮೇಲೆ. 2021ರಲ್ಲಿ ಅವರು ತೀರಿಕೊಂಡಾಗ ವಯಸ್ಸು 107.

ಆರು: "ಉದ್ದೇಶದ ಹೆಸರಿನಲ್ಲಿ ದುಡಿಸಿಕೊಳ್ಳುತ್ತಾರೆ"

ಎಲ್ಲ ಆಕ್ಷೇಪಗಳಲ್ಲಿ ತೂಕವಿರುವುದು ಇದಕ್ಕೆ. 'ಇದು ಸೇವೆ, ಸಂಬಳದ ಮಾತಾಡಬೇಡಿ' ಎಂಬ ಮಾತಿನ ಅಡಿಯಲ್ಲಿ ಎಷ್ಟು ಅನ್ಯಾಯ ಅಡಗಿದೆ ಎಂದು ನೋಡಬೇಕಾದರೆ ಆಶಾ ಕಾರ್ಯಕರ್ತೆಯರನ್ನು ನೋಡಿ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಬೆನ್ನೆಲುಬು ಅವರು. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ ಮನೆಮನೆ ಹತ್ತಿಳಿಯುತ್ತಾರೆ. ಬಸುರಿಯ ತಾಯಿ ಕಾರ್ಡ್ ನೋಡಿ ಮುಂದಿನ ಚುಚ್ಚುಮದ್ದಿನ ದಿನ ನೆನಪಿಸುತ್ತಾರೆ, ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯಾ ಎಂದು ವಿಚಾರಿಸುತ್ತಾರೆ, ನಡುರಾತ್ರಿ ಹೆರಿಗೆ ನೋವು ಬಂದರೆ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುತ್ತಾರೆ. ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಕೈಗೆ ಬರುವುದು ಗೌರವಧನ, ಪ್ರೋತ್ಸಾಹಧನ.

ಆಕ್ಷೇಪ ಎತ್ತುವವರು ಇಲ್ಲಿ ಹೇಳುವ ದೂರು ಪೂರ್ತಿ ನಿಜ. ಆದರೆ ದೂರು ಯಾರ ಮೇಲೆ ಎನ್ನುವುದರಲ್ಲಿ ಅವರು ಎಡವುತ್ತಾರೆ. ಆ ಹೆಣ್ಣುಮಕ್ಕಳಿಗೆ ತಮ್ಮ ಕೆಲಸದಲ್ಲಿ ಕಾಣುವ ಅರ್ಥ ಅನ್ಯಾಯಕ್ಕೆ ಕಾರಣವಲ್ಲ. ಆ ಅರ್ಥವನ್ನೇ ಕೂಲಿಯೆಂದು ಎಣಿಸಿ ಲೆಕ್ಕ ಚುಕ್ತಾ ಮಾಡುವ ವ್ಯವಸ್ಥೆ ಕಾರಣ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಬಂದು ಕೂತು ಹಕ್ಕು ಕೇಳಿದವರೂ ಅವರೇ ಎಂಬುದನ್ನು ಮರೆಯಬಾರದು. ತನ್ನ ಕೆಲಸ ಎಷ್ಟು ಜೀವ ಉಳಿಸಿದೆ ಎಂದು ಬಲ್ಲವಳಿಗೆ ಅದರ ಬೆಲೆಯೂ ಗೊತ್ತಿರುತ್ತದೆ. ಉದ್ದೇಶ ಕೆಲಸಗಾರನ ಸ್ವತ್ತು. ಯಜಮಾನ ಅದರ ನೆಪದಲ್ಲಿ ಸಂಬಳ ಕತ್ತರಿಸಲು ಬಂದರೆ, ಉದ್ದೇಶವನ್ನು ಬಿಟ್ಟುಕೊಡದೆ ಸಂಬಳವನ್ನು ಕೇಳಬೇಕು.

ಏಳು: "ನೊಂದವರಿಗೆ ಉದ್ದೇಶ ಬೋಧಿಸುವುದು ನೋವಿನ ಮೇಲೆ ಬರೆ"

ಈ ಎಚ್ಚರಿಕೆಯನ್ನು ನಾನು ತಲೆಬಾಗಿ ಸ್ವೀಕರಿಸುತ್ತೇನೆ. ಉದ್ದೇಶದ ಪರ ಮಾತಾಡುವವರಲ್ಲಿ ಬಹಳ ಜನ ನಾಜಿ ಶಿಬಿರಗಳಿಂದ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಹೆಸರು ಹೇಳಿ, ಉದ್ದೇಶವಿದ್ದವರು ಆ ಶಿಬಿರಗಳಿಂದ ಬದುಕಿ ಬಂದರು ಎಂದುಬಿಡುತ್ತಾರೆ. ಅದು ಸತ್ತವರಿಗೆ ಮಾಡುವ ಅವಮಾನ. ಫ್ರಾಂಕಲನ ತಂದೆ ತೆರೇಸಿಯೆನ್‌ಸ್ಟಾಟ್‌ನಲ್ಲಿ, ತಾಯಿ ಆಶ್ವಿಟ್ಜ್‌ನಲ್ಲಿ, ಹೆಂಡತಿ ಬೆರ್ಗೆನ್-ಬೆಲ್ಸೆನ್‌ನಲ್ಲಿ ತೀರಿಹೋದರು. ಅವರಿಗೆಲ್ಲ ಬದುಕಲು ಕಾರಣ ಕಡಿಮೆಯಿತ್ತೇ? ಉದ್ದೇಶ ಗುಂಡನ್ನು ತಡೆಯುವುದಿಲ್ಲ, ವಿಷಾನಿಲವನ್ನೂ ತಡೆಯುವುದಿಲ್ಲ. ಬದುಕಿ ಬಂದವರಲ್ಲಿ ಅದೃಷ್ಟದ ಪಾಲು ದೊಡ್ಡದೆಂದು ಫ್ರಾಂಕಲನಿಗೇ ಗೊತ್ತಿತ್ತು.

ಖಿನ್ನತೆಯ ಮಾತೂ ಹೀಗೆಯೇ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಏಳಲೂ ಆಗದೆ ಮಲಗಿರುವವರಿಗೆ 'ಒಂದು ಗುರಿ ಇಟ್ಟುಕೊ' ಎನ್ನುವುದು ಮುರಿದ ಕಾಲಿನವನಿಗೆ ಓಡು ಎಂದಂತೆ. ಮೊದಲು ವೈದ್ಯರ ಬಳಿ ಕರೆದೊಯ್ಯಬೇಕು. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಕೆಲಸ ಮಾಡುತ್ತಿದೆ, ಕನ್ನಡದಲ್ಲೂ ಮಾತಾಡಬಹುದು. ಆದರೆ ಈ ಆಕ್ಷೇಪ ನನ್ನ ನಿಲುವನ್ನು ಕೆಡವುವುದಿಲ್ಲ. ನೊಂದವರಿಗೆ ಉದ್ದೇಶ ಬೋಧಿಸಬೇಕಿಲ್ಲ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಪಕ್ಕದಲ್ಲಿ ಕೂರುವುದು, ಮಾತ್ರೆಯ ಹೊತ್ತು ನೆನಪಿಸುವುದು ಪಕ್ಕದಲ್ಲಿರುವವರ ಉದ್ದೇಶ.

ಏಳು ಆಕ್ಷೇಪಗಳಲ್ಲಿ ಕೊನೆಯ ಎರಡು ನನಗೆ ಎಚ್ಚರ ಕಲಿಸಿವೆ, ಉಳಿದವು ನಿಲ್ಲುವುದಿಲ್ಲ. ಉದ್ದೇಶ ಶ್ರೀಮಂತರ ಆಸ್ತಿಯಲ್ಲ, ಪ್ರಸಿದ್ಧರ ಬಿರುದಲ್ಲ, ಯೌವನದ ಗುತ್ತಿಗೆಯಲ್ಲ. ಅದು ಯಾವಾಗ ಸಿಗುತ್ತದೆ ಎಂದು ಕೇಳುವುದನ್ನು ಬಿಟ್ಟು, ಯಾರಿಗೆ ಅಥವಾ ಯಾವುದಕ್ಕೆ ನಾನು ಹೊಣೆ ಎಂದು ಕೇಳಿಕೊಳ್ಳಿ. ಉತ್ತರ ಬಹುತೇಕ ನಿಮ್ಮ ಮನೆಯಲ್ಲೋ, ಬೀದಿಯಲ್ಲೋ, ನಿಮ್ಮ ಕಸುಬಿನಲ್ಲೋ ಇರುತ್ತದೆ. ಅದನ್ನು ಇವತ್ತೇ ಕೈಗೆತ್ತಿಕೊಳ್ಳಿ; ಮೊದಲ ಸೋಲಿಗೆ ಕೈಬಿಡಬೇಡಿ.