ಹುದ್ದೆ ನೋಡಿ ಬೀಗದ ಕೈ ಕೊಟ್ಟರೆ ಸಾಲದು

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು, ಜನರ ಮಾಹಿತಿಯನ್ನು ಯಾರು ನೋಡಬಹುದೆಂಬುದರ ಮೇಲೆ ಹಿಡಿತವಿರಬೇಕು, ನೋಡಿದವರ ದಾಖಲೆ ಒಂದು ವರ್ಷ ಉಳಿಯಬೇಕು ಎಂದು ಸಂಸ್ಥೆಗಳಿಗೆ ವಿಧಿಸಿವೆ. ಇದಕ್ಕೆ ನೀಡಿರುವ ಕಾಲಾವಕಾಶ 18 ತಿಂಗಳು, ಅಂದರೆ 2027ರ ಮೇ ತಿಂಗಳವರೆಗೆ. ಹಿಡಿತ ಎಂತಹದಿರಬೇಕೆಂಬುದನ್ನು ಮಾತ್ರ ನಿಯಮಗಳು ಬಿಡಿಸಿ ಹೇಳಿಲ್ಲ.

ಅದು ಎಷ್ಟು ಮುಖ್ಯವೆಂಬುದಕ್ಕೆ ಹಳೆಯ ಪ್ರಕರಣವೊಂದೇ ಸಾಕು. 2018ರ ಜನವರಿಯಲ್ಲಿ ಚಂಡೀಗಢದ 'ದಿ ಟ್ರಿಬ್ಯೂನ್' ಪತ್ರಿಕೆ, 500 ರೂಪಾಯಿ ತೆತ್ತರೆ ಹತ್ತೇ ನಿಮಿಷಗಳಲ್ಲಿ ಲಾಗಿನ್ ದೊರೆಯುತ್ತದೆಂದೂ, ಯಾವುದೇ ಆಧಾರ್ ಸಂಖ್ಯೆ ನಮೂದಿಸಿದರೂ ಹೆಸರು, ವಿಳಾಸ, ಭಾವಚಿತ್ರ, ದೂರವಾಣಿ ಸಂಖ್ಯೆ ತೆರೆದುಕೊಳ್ಳುತ್ತವೆಂದೂ ವರದಿ ಮಾಡಿತು. ಬೆರಳಚ್ಚಿನಂತಹ ಜೈವಿಕ ಮಾಹಿತಿ ಸೋರಿಲ್ಲ, ದೂರು ಪರಿಹಾರಕ್ಕೆಂದು ಅಧಿಕಾರಿಗಳಿಗೆ ನೀಡಿದ್ದ ಹುಡುಕಾಟದ ಸೌಲಭ್ಯ ದುರುಪಯೋಗವಾದಂತಿದೆ, ಅದರ ಪೂರ್ಣ ದಾಖಲೆ ತನ್ನಲ್ಲಿದೆ ಎಂದು ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಪಷ್ಟನೆ ನೀಡಿತು.

ಸ್ಪಷ್ಟನೆಯನ್ನು ಯಥಾವತ್ತಾಗಿ ಒಪ್ಪಿದರೂ ದೋಷ ಅದರೊಳಗೇ ಕಾಣುತ್ತದೆ. ದಾಖಲೆ ಹೇಳುವುದು ಕಳವಾದ ಮೇಲಿನ ಕಥೆಯನ್ನು. ಸೌಲಭ್ಯ ದೂರು ಪರಿಹಾರಕ್ಕೆ ಮಾತ್ರವೆಂದ ಮೇಲೆ, ಈ ಸಂಖ್ಯೆಯ ಬಗ್ಗೆ ದೂರು ಇದೆಯೇ ಎಂದು ಗಣಕಯಂತ್ರ ಕೇಳಬೇಕಿತ್ತು. ವರದಿಯಂತೆ ಅದು ಕೇಳಿದ್ದು ಲಾಗಿನ್ ಒಂದನ್ನೇ.

ಹುದ್ದೆಯೊಂದನ್ನೇ ನೋಡದೆ ಸಂದರ್ಭವನ್ನೂ ತೂಗಿ ಅನುಮತಿ ನೀಡುವ ಕ್ರಮಕ್ಕೆ ಗುಣಲಕ್ಷಣ ಆಧಾರಿತ ಪ್ರವೇಶ ನಿಯಂತ್ರಣ ಎಂದು ಹೆಸರು. ಅಮೆರಿಕದ ಮಾನಕ ಸಂಸ್ಥೆ 'ನಿಸ್ಟ್' 2014ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಕೇಳುವವನು ಯಾರು, ಕೇಳಿದ ಕಡತ ಯಾವುದು, ಅದರಲ್ಲಿ ಏನು ಮಾಡಬೇಕೆಂದಿದ್ದಾನೆ, ಯಾವ ಹೊತ್ತಿನಲ್ಲಿ, ಯಾವ ಯಂತ್ರದಿಂದ ಎಂಬ ಎಲ್ಲವನ್ನೂ ಪ್ರತಿ ಬಾರಿ ಪರಿಶೀಲಿಸಲಾಗುತ್ತದೆ. 'ಇದೇ ಜಿಲ್ಲೆಯ ಅಧಿಕಾರಿ, ಈ ಸಂಖ್ಯೆಯ ಮೇಲೆ ಬಾಕಿ ದೂರು, ಕಚೇರಿಯ ನೋಂದಾಯಿತ ಯಂತ್ರ. ಇಷ್ಟಿದ್ದರೆ ವಿಳಾಸ ನೋಡಬಹುದು, ತಿದ್ದುವಂತಿಲ್ಲ' ಎಂದು ನೀತಿ ಬರೆಯಬಹುದು. ಅಂತಹ ನೀತಿಯಿದ್ದಲ್ಲಿ ಮಾರಾಟವಾದ ಲಾಗಿನ್‌ಗೆ ಬೆಲೆಯೇ ಇರದು.

ಆದರೆ ವಾಕ್ಯ ಬರೆದಷ್ಟು ಸುಲಭವಲ್ಲ ಅದನ್ನು ನಡೆಸುವುದು. ಅಧಿಕಾರಿ ವರ್ಗಾವಣೆಯಾಗಿ ತಿಂಗಳು ಕಳೆದರೂ ಸಿಬ್ಬಂದಿ ಪಟ್ಟಿ ಹಳೆಯ ಜಿಲ್ಲೆಯನ್ನೇ ತೋರಿಸುತ್ತಿದ್ದರೆ, ಗಣಕಯಂತ್ರ ಅದನ್ನೇ ನಂಬಿ ಹಳೆಯ ಕಡತಗಳನ್ನು ತೆರೆದುಕೊಡುತ್ತದೆ. ಮಾಹಿತಿ ನೋಡಬಯಸುವ ಅಧಿಕಾರಿಯೇ ದೂರನ್ನೂ ದಾಖಲಿಸಬಲ್ಲನಾದರೆ ಇಡೀ ಏರ್ಪಾಡು ನಿರರ್ಥಕ. ತನ್ನ ಬೀಗಕ್ಕೆ ತಾನೇ ಕೈ ಎರಕ ಹೊಯ್ದಂತೆ. ಆದ್ದರಿಂದ ಪ್ರತಿ ಗುಣಲಕ್ಷಣವೂ ಕೇಳುವವನ ಕೈಗೆ ಎಟುಕದ ಮೂಲದಿಂದ ಬರಬೇಕು. ಎರಡು ನೀತಿಗಳು ಪರಸ್ಪರ ವಿರೋಧಿಸಿದರೆ ನಿರಾಕರಣೆಯೇ ಗೆಲ್ಲಬೇಕೆಂಬುದು ಸಾಮಾನ್ಯ ವಿನ್ಯಾಸ.

ಆಸ್ಪತ್ರೆಯಲ್ಲಿ ಮಾತ್ರ ಈ ಕಟ್ಟುನಿಟ್ಟು ಪ್ರಾಣಕ್ಕೇ ಎರವಾಗಬಹುದು. ಪ್ರಜ್ಞೆ ತಪ್ಪಿದ ರೋಗಿಯ ಕಡತ ನೋಡಬೇಕಾದ ರಾತ್ರಿಪಾಳಿಯ ವೈದ್ಯರಿಗೆ, ಅವರು ಆ ರೋಗಿಯ ನಿಯೋಜಿತ ವೈದ್ಯರಲ್ಲವೆಂಬ ಕಾರಣಕ್ಕೆ ಅನುಮತಿ ನಿರಾಕರಿಸಲಾಗದು. ಅಂತಹ ಕಡೆ ಕಾರಣ ನಮೂದಿಸಿ ತೆರೆಯುವ ತುರ್ತು ದಾರಿಯನ್ನಿಟ್ಟು, ಹಾಗೆ ತೆರೆದ ಪ್ರತಿಯೊಂದು ಕಡತವನ್ನೂ ಮರುದಿನವೇ ಬೇರೊಬ್ಬರು ಪರಿಶೀಲಿಸುವ ವ್ಯವಸ್ಥೆ ಮಾಡಬೇಕಾಗುತ್ತದೆ.