ಹಿಮಗಡಲಿನ ನಿಧಾನಜೀವಿಗಳು

ದಕ್ಷಿಣ ಧ್ರುವದ ಸುತ್ತಲಿನ ಕಡಲಿನಲ್ಲಿ ನೀರಿನ ಉಷ್ಣತೆ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್‌ ಕೆಳಗಿಳಿಯುತ್ತದೆ. ಇಂತಹ ಚಳಿಯಲ್ಲಿ ಜೀವಗಳು ಕುಬ್ಜವಾಗಿರಬೇಕೆಂದು ಯಾರಾದರೂ ಭಾವಿಸಬಹುದು. ಕಡಲ ತಳ ಬೇರೆಯೇ ಕಥೆ ಹೇಳುತ್ತದೆ. ಬೇರೆಡೆಯ ತೀರಗಳಲ್ಲಿ ಉಗುರಿನಷ್ಟಿರುವ ಕಡಲಜೇಡದ ಬಂಧುಗಳು ಇಲ್ಲಿ ಕಾಲು ಚಾಚಿದರೆ ಊಟದ ತಟ್ಟೆಯನ್ನು ಮೀರುತ್ತವೆ.

ಈ ಗಾತ್ರದ ಗುಟ್ಟು ಆಮ್ಲಜನಕದಲ್ಲಿದೆಯೆಂಬುದು ಒಂದು ಪ್ರಬಲ ವಾದ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಚಳಿಯಲ್ಲಿ ದೇಹಕ್ಕೆ ಅದರ ಅಗತ್ಯವೂ ಕಡಿಮೆ. ಹೀಗಾಗಿ ದೊಡ್ಡ ಒಡಲಿನ ಒಳಭಾಗಕ್ಕೂ ಉಸಿರು ತಲುಪುತ್ತದೆ. ಶಾಪೆಲ್ ಮತ್ತು ಪೆಕ್ ಎಂಬ ವಿಜ್ಞಾನಿಗಳು 1999ರಲ್ಲಿ, ಸಿಗಡಿಯ ದೂರದ ಬಂಧುಗಳಾದ ಆಂಫಿಪಾಡ್‌ಗಳ ಗಾತ್ರವನ್ನು ಜಗತ್ತಿನ ಹಲವು ತಾಣಗಳಲ್ಲಿ ಹೋಲಿಸಿ ಈ ಸಂಬಂಧವನ್ನು ತೋರಿಸಿದರು. ಉಪ್ಪುನೀರಿಗಿಂತ ಸಿಹಿನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ. ಸೈಬೀರಿಯದ ಬೈಕಲ್ ಸರೋವರದಲ್ಲೂ ಅವು ದೈತ್ಯವಾಗಿರುವುದು ಈ ವಾದಕ್ಕೆ ಬಲ ನೀಡಿತು. ಆದರೆ ಧ್ರುವದ ಜೀವಿಗಳೆಲ್ಲ ದೈತ್ಯರಲ್ಲ. ಅಲ್ಲಿನ ಬಸವನಹುಳು, ಕಪ್ಪೆಚಿಪ್ಪುಗಳಲ್ಲಿ ಬಹುಪಾಲು ಚಿಕ್ಕವೇ. ಚಳಿಯಲ್ಲಿ ಸುಣ್ಣದ ಚಿಪ್ಪು ಕಟ್ಟುವುದು ದುಬಾರಿ ಕೆಲಸ.

ದೊಡ್ಡದಾಗಿದ್ದರೂ ಇವು ಬೆಳೆಯುವುದು ಮಾತ್ರ ಬಹು ನಿಧಾನ. ಬೆಳಕು ಬೀಳುವ ಕೆಲವೇ ತಿಂಗಳು ಮೇಲಿನ ನೀರಿನಲ್ಲಿ ಪಾಚಿ ಹುಟ್ಟುತ್ತದೆ. ತಳದವರಿಗೆ ಅದೇ ವರ್ಷದ ಮುಖ್ಯ ಆಹಾರ. ಅಲ್ಲಿನ ಒಂದು ಬಗೆಯ ಕಡಲ ಮುಳ್ಳುಚೆಂಡು 7 ಸೆಂಟಿಮೀಟರು ಅಗಲವಾಗಲು ಸುಮಾರು 40 ವರ್ಷ ಬೇಕೆಂದು ಅಂದಾಜು. ಮಲೆನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಒಂದು ದಿನದಲ್ಲಿ ಉರುಳಿದ ಮರ ಒಂದು ತಲೆಮಾರಿನಲ್ಲಿ ಮರಳುವುದಿಲ್ಲ. ಕಡಲ ತಳವನ್ನು ಕೆರೆದು ಹೋಗುವ ಬಲೆಯೂ ಅಂತಹುದೇ ಕೊಡಲಿ.

ಕಡಲು ಬಿಸಿಯಾದರೆ ಇವು ಬೇಗ ಬೆಳೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನ ರಾಥೆರಾ ನೆಲೆಯ ಬಳಿ ಕಡಲೊಳಗೆ ಹಲಗೆಗಳನ್ನಿಟ್ಟು ಕಾಯಿಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೇವಲ 1 ಡಿಗ್ರಿ ಬಿಸಿಗೆ ಕೆಲವು ಜೀವಿಗಳ ಬೆಳವಣಿಗೆ ಹೆಚ್ಚುಕಡಿಮೆ ಇಮ್ಮಡಿಸಿತು. ಜೊತೆಗೇ ಒಂದೇ ಜಾತಿಯ ಪಾಚಿಪ್ರಾಣಿ ಹಲಗೆಯನ್ನು ಆವರಿಸಿ ಉಳಿದವುಗಳ ಜಾಗ ಕಬಳಿಸಿತು. ಇದನ್ನು ಸಮೃದ್ಧಿಯೆನ್ನುವವರು ನೆಡುತೋಪನ್ನೂ ಕಾಡೆಂದೇ ಕರೆಯುತ್ತಾರೆ. ಇನ್ನು ಲ್ಯಾಟರ್ನುಲಾ ಎಂಬ ಚಿಪ್ಪುಜೀವಿ, ತೇಲುವ ಹಿಮಗಡ್ಡೆ ತಳವನ್ನು ಉತ್ತು ಹೊರಹಾಕಿದಾಗ ಮತ್ತೆ ಕೆಸರಿನೊಳಗೆ ಹೂತುಕೊಂಡು ಬದುಕುತ್ತದೆ. ನೀರು ಸುಮಾರು 2.5 ಡಿಗ್ರಿಗೆ ಏರಿದರೆ ಅವುಗಳಲ್ಲಿ ಅರ್ಧಕ್ಕೆ ಆ ಶಕ್ತಿಯೇ ಇರುವುದಿಲ್ಲ. 5 ಡಿಗ್ರಿಯಲ್ಲಿ ಯಾವುದಕ್ಕೂ ಇಲ್ಲ. ಲಕ್ಷಾಂತರ ವರ್ಷ ಒಂದೇ ಹದದ ಚಳಿಗೆ ಒಗ್ಗಿದ ಒಡಲಿಗೆ ಸಣ್ಣ ಏರಿಕೆಯೂ ಜ್ವರ.

ಅಂಟಾರ್ಕ್ಟಿಕದ ಕಡಲಜೀವಿಗಳ ಸಂರಕ್ಷಣಾ ಆಯೋಗದಲ್ಲಿ ಭಾರತವೂ ಸದಸ್ಯ. ಆ ಆಯೋಗ 2016ರಲ್ಲಿ ರಾಸ್ ಕಡಲಿನ ಸುಮಾರು 15.5 ಲಕ್ಷ ಚದರ ಕಿಲೋಮೀಟರನ್ನು ರಕ್ಷಿತ ಪ್ರದೇಶವೆಂದು ಘೋಷಿಸಿತು. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಕಡಲಿಗೂ ಅದೇ ರಕ್ಷಣೆ ಬೇಕೆಂಬ ಪ್ರಸ್ತಾವಕ್ಕೆ ಭಾರತ 2021ರಲ್ಲಿ ಬೆಂಬಲ ಸೂಚಿಸಿತು. ಆದರೆ ಅಲ್ಲಿ ಎಲ್ಲ ಸದಸ್ಯರೂ ಒಪ್ಪಬೇಕು. 2024ರ ಸಭೆಯಲ್ಲೂ ಒಮ್ಮತ ಮೂಡಲಿಲ್ಲ. ಸೂಚಿಸಿದ ಬೆಂಬಲವನ್ನು ಭಾರತ ಗಟ್ಟಿ ದನಿಯಲ್ಲಿ ಮುಂದುವರಿಸಬೇಕು, ಹಾಗೆ ಮುಂದುವರಿಸುವಂತೆ ನಾಗರಿಕರು ಕೇಳಬೇಕು. ನಾಲ್ವತ್ತು ವರ್ಷ ತೆಗೆದುಕೊಂಡು ಅಂಗೈಯಗಲವೂ ಆಗದ ಜೀವಿಗೆ ಸಭೆಯಿಂದ ಸಭೆಗೆ ಮುಂದೂಡುವ ವಾಯಿದೆ ಕೊಡುವುದು ನ್ಯಾಯವಲ್ಲ. ಕಳೆದುಕೊಂಡ ಮೇಲೆ ಅದರ ವೇಗದಲ್ಲೇ ಕಾಯಬೇಕಾದೀತು. ಅಷ್ಟು ಆಯುಸ್ಸು ಮನುಷ್ಯನಿಗಿಲ್ಲ.