ಒಂದೂಕಾಲು ಗಂಟೆ ಎಂಬ ಸುಳ್ಳು

ಪ್ಯಾರಿಸ್‌ನಿಂದ ಲಂಡನ್ನಿಗೆ ವಿಮಾನದಲ್ಲಿ ಬರೀ ಒಂದೂಕಾಲು ಗಂಟೆ ಅಂತ ಯಾರಾದರೂ ಅಂದರೆ ನನಗೀಗ ಮೈ ಉರಿಯುತ್ತೆ. ನಾನೂ ನಂಬಿದ್ದೆ ಮಾರಾಯ್ರೇ! ಮಂಡಿನೋವಿನ ಅಮ್ಮನನ್ನು ಕರ್ಕೊಂಡು ಹೊರಟಿದ್ದೆ.

ನೇರ ದೂರ ಸುಮಾರು 345 ಕಿ.ಮೀ. ಗಂಟೆಗೆ 800 ಕಿ.ಮೀ. ಹಾರೋ ವಿಮಾನಕ್ಕೆ ಅರ್ಧ ಗಂಟೆಯೂ ಬೇಡ. ಏರೋದು, ಇಳಿಯೋದು, ರನ್‌ವೇಗೆ ಸರದಿ ಕಾಯೋದು ಸೇರಿ ಒಂದೂಕಾಲು, ಒಪ್ಪೋಣ. ಆದ್ರೆ ಷಾರ್ಲ್ ದ ಗಾಲ್ ನಿಲ್ದಾಣ ಇರೋದು ಪ್ಯಾರಿಸ್‌ನಿಂದ 25 ಕಿ.ಮೀ. ಆಚೆ. ಹೀಥ್ರೂನಿಂದ ಲಂಡನ್ನಿಗೂ ಹೆಚ್ಚುಕಮ್ಮಿ ಅಷ್ಟೇ. ಎರಡು ಗಂಟೆ ಮುಂಚೆ ಹೋಗಿ ಸೆಕ್ಯುರಿಟಿ, ಪಾಸ್‌ಪೋರ್ಟ್ ಸಾಲು... ಇದನ್ನೆಲ್ಲ ಯಾರಪ್ಪ ಲೆಕ್ಕ ಹಾಕೋದು? (ಪ್ಯಾರಿಸ್ ಗಡಿಯಾರ ಒಂದು ಗಂಟೆ ಮುಂದೆ ಬೇರೆ. ಟಿಕೆಟ್ಟಿನಲ್ಲಿ 10ಕ್ಕೆ ಹೊರಟು 10.15ಕ್ಕೇ ಇಳಿದ ಹಾಗೆ ಕಾಣುತ್ತೆ!) ನಮಗಾಗಿದ್ದು ಬಾಗಿಲಿಂದ ಬಾಗಿಲಿಗೆ ಆರು ಗಂಟೆ. ಅದರಲ್ಲಿ ಅಮ್ಮ ಕೂತಿದ್ದಕ್ಕಿಂತ ನಿಂತಿದ್ದೇ ಹೆಚ್ಚು.

ಯೂರೋಸ್ಟಾರ್ ರೈಲಿಗೆ ಎರಡೂಕಾಲು ಗಂಟೆ ಚಿಲ್ಲರೆ. ಅಲ್ಲೂ ಮುಂಚೆ ಹೋಗಬೇಕು, ಪಾಸ್‌ಪೋರ್ಟ್ ತೋರಿಸಬೇಕು, ದುಡ್ಡೂ ಕೆಲವೊಮ್ಮೆ ಜಾಸ್ತಿ. ಆದ್ರೆ ಹತ್ತೋದೂ ಇಳಿಯೋದೂ ಊರೊಳಗೇ ಸ್ವಾಮಿ! ಹಾರಾಟದ ಹೊತ್ತನ್ನೇ ಪ್ರಯಾಣದ ಹೊತ್ತು ಅಂತ ಬರೆಯೋರು ಒಮ್ಮೆ ವಯಸ್ಸಾದವರನ್ನು ಕರ್ಕೊಂಡು ಹೋಗಿ ನೋಡಲಿ.

ವಾಪಸ್ ಹೋಗುವಾಗ ಅಮ್ಮ ಟೈಮು ಕೇಳಲೇ ಇಲ್ಲ. "ರೈಲು" ಅಂದಳು, ಅಷ್ಟೇ.